ಏಳು ಕೆರೆ ನೀರು ಕುಡಿದವಳು

ಅರಸೀಕೆರೆ ತಾಲ್ಲೂಕಿನ ನಿವೃತ್ತ ಪ್ರೌಢಶಾಲಾ ಶಿಕ್ಷಕರೊಬ್ಬರು ಹೀಗೆ ಬರೆದಿದ್ದಾರೆ: "ಕಳೆದ ಸಂಚಿಕೆಯ ಕಥೆಯಲ್ಲಿ ನಾಯಕಿಯನ್ನು 'ಏಳು ಕೆರೆ ನೀರು ಕುಡಿದವಳು' ಎಂದಿದ್ದೀರಿ. ಹೆಣ್ಣುಮಗಳಿಗೆ ಈ ಮಾತು ಅಂದರೆ ನಮ್ಮ ಕಡೆ ಬೈದ ಹಾಗೆ. 'ಪ್ರಬುದ್ಧೆ' ಎನ್ನಬಹುದಿತ್ತು. ಅದು ಭಾರವಾಯಿತು ಅನ್ನಿಸಿದರೆ, ಈಗ ಎಲ್ಲರೂ ಹೇಳುವ ಹಾಗೆ 'ಮೆಚ್ಯೂರ್ಡ್' ಅಂದಿದ್ದರೂ ಸಾಕಿತ್ತು. ಲೋಕ ತಿಳಿದವರನ್ನು ಕರೆಯಲು ಕನ್ನಡದಲ್ಲಿ ಒಳ್ಳೆಯ ಪದಗಳೇ ಇಲ್ಲವೇ?"

ಮೇಷ್ಟ್ರೇ, ನಿಮ್ಮ ಕಾಗದ ಮೂರು ವಾರದಿಂದ ನನ್ನ ಮೇಜಿನ ಮೇಲಿದೆ. ಎರಡು ಸಾಲಿನಲ್ಲಿ ಉತ್ತರ ಬರೆಯೋಣ ಅಂತ ಕೂತಾಗಲೆಲ್ಲ ಅದು ಬೆಳೆಯುತ್ತಾ ಹೋಯಿತು. ಬೆಳೆಯಲಿ ಬಿಡಿ.

ಪ್ರಬುದ್ಧ ಒಳ್ಳೆಯ ಪದವೇ. ಎಚ್ಚರಗೊಂಡವನು ಅಂತ ಅರ್ಥ. ಮೆಚ್ಯೂರ್ಡ್ ಕೂಡ ಬಸ್ಸು, ರೈಲಿನ ಹಾಗೆ ಬಂದು ನಮ್ಮದಾಗಿದೆ. ಅದನ್ನು ಆಡುವ ಮಕ್ಕಳ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಕನ್ನಡದಲ್ಲಿ ಪದಗಳೇ ಇಲ್ಲವೇ ಎಂದು ಕೇಳಿದಿರಲ್ಲ, ಅದು ನೋವಾಯಿತು. ಅದೂ ಅರಸೀಕೆರೆಯವರ ಬಾಯಲ್ಲಿ.

ನಮ್ಮ ಅಜ್ಜಿಯ ಊರೂ ನಿಮ್ಮ ಕಡೆಯೇ. ಬಲಿತ ತೆಂಗಿನಕಾಯಿಗಳನ್ನು ಕೊಬ್ಬರಿಗೆ ಅಂತ ಅಟ್ಟದ ಮೇಲೆ ತುಂಬಿಡುತ್ತಿದ್ದರು. ಎಂಟು ತಿಂಗಳೋ ಹತ್ತು ತಿಂಗಳೋ, ಅವು ಅಲ್ಲೇ ಇರಬೇಕು. ಸುಲಿಯುವ ಕಾಲ ಬಂದಾಗ ಅಜ್ಜಿ ಏಣಿ ಹತ್ತಿ ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಒಳಗೆ ನೀರು ಕುಲುಕಿದರೆ ಅದು ವಾಪಸ್ ಅಟ್ಟಕ್ಕೆ. ನೀರೆಲ್ಲ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಒಳಗೇ ಲೊಟಲೊಟ ಅಂತ ಬಡಿದರೆ ಮಾತ್ರ ಕೆಳಗೆ ನಿಂತ ನನ್ನ ಕೈಗೆ. ಒಂದು ಸಲ ಆಸೆ ತಡೆಯದೆ ನಾನು ಮೊದಲೇ ಒಂದು ಕಾಯಿ ಒಡೆದೆ. ಮೆತ್ತಗೆ ಚಿಪ್ಪಿಗೆ ಅಂಟಿಕೊಂಡಿತ್ತು. "ಇನ್ನೂ ಬಿಟ್ಟಿಲ್ಲ ಕಣೋ ಅದು" ಅಂದರು ಅಜ್ಜಿ.

ಕೆಲವು ವರ್ಷಗಳಾದ ಮೇಲೆ ಅದೇ ಮಾತನ್ನು ಅವರು ನಮ್ಮ ಚಿಕ್ಕಪ್ಪನ ಬಗ್ಗೆ ಹೇಳಿದ್ದು ಕೇಳಿದೆ. ಎರಡು ಮಕ್ಕಳ ತಂದೆ. ಒಂದು ಮೂಟೆ ಗೊಬ್ಬರ ತರುವುದಕ್ಕೂ ಅವ್ವನನ್ನೇ ಕೇಳಬೇಕು. "ಇನ್ನೂ ಬಿಟ್ಟಿಲ್ಲ ಅವನು" ಅಂದು ಅಜ್ಜಿ ಸುಮ್ಮನಾದರು. ಇದಕ್ಕಿಂತ ಒಳ್ಳೆಯ ಮಾತು ಯಾವ ಭಾಷೆಯಲ್ಲಾದರೂ ಇದೆಯಾ ಮೇಷ್ಟ್ರೇ?

ಇದು ನಮ್ಮ ಮನೆಯ ಮಾತಾಯಿತು. ನಿಘಂಟಿನಲ್ಲಿರುವ ಪದಗಳೇನು ಕಡಿಮೆಯೇ? ಕಿಟ್ಟೆಲ್ ಅವರ ನಿಘಂಟು 1894ರಲ್ಲೇ ಅಚ್ಚಾಯಿತು. ಅದನ್ನು ತೆರೆದು ಕೂತರೆ ನನಗೆ ಊಟದ ಹೊತ್ತು ಮರೆತುಹೋಗುತ್ತದೆ. ನುರಿ ಅಂದರೆ ನುಣ್ಣಗೆ ಪುಡಿಯಾಗು. ನುರಿತ ಕೈ ಅಂತೀವಲ್ಲ, ಅದು ಕೆಲಸದಲ್ಲಿ ಅರೆದು ಅರೆದು ಹದಕ್ಕೆ ಬಂದ ಕೈ. ಪಳಗುವುದು ಆನೆ, ಎತ್ತು, ಮನುಷ್ಯ ಮೂರೂ. ಮಾಗುವುದು ಹಣ್ಣು. ಪಕ್ವ ಸಂಸ್ಕೃತದ್ದಾದರೂ ಅಡುಗೆಮನೆಯ ಪದ, ಬೆಂದದ್ದು ಅಂತ. ಇನ್ನು ತೂಕದ ಮನುಷ್ಯ, ಕೈಗೆ ಬಂದ ಮಗ, ಪ್ರಪಂಚ ಕಂಡವನು, ನಾಲ್ಕು ಜನರ ಜೊತೆ ಬಾಳಿದವನು. ಕಾನೂನಿಗೆ ವಯಸ್ಸಿನ ಗೆರೆ ಬೇಕೇ ಬೇಕು. ಓಟು ಹಾಕಲು ಮೊದಲು 21 ಆಗಿರಬೇಕಿತ್ತು, ಸಂವಿಧಾನದ 61ನೇ ತಿದ್ದುಪಡಿ ಬಂದ ಮೇಲೆ 18 ಆಯಿತು. ನಮ್ಮ ಜನರ ಮಾತು ಆ ಲೆಕ್ಕ ಕೇಳುವುದೇ ಇಲ್ಲ. ಏನೇನು ದಾಟಿ ಬಂದೆ ಅಂತ ಕೇಳುತ್ತದೆ.

ಪ್ರೌಢ ಅನ್ನುವುದನ್ನೇ ನೋಡಿ. 15ನೇ ಶತಮಾನದಲ್ಲಿ ವಿಜಯನಗರದ ಎರಡನೇ ದೇವರಾಯನಿಗೆ ಅದು ಬಿರುದು, ಪ್ರೌಢದೇವರಾಯ ಅಂತ. ಈಗ ಎಂಟನೇ ತರಗತಿಯ ಮಕ್ಕಳು ಹೋಗುವ ಶಾಲೆಯ ಬೋರ್ಡಿನ ಮೇಲಿದೆ. ಬರೀ ಬೋರ್ಡಿಗೆ ಅಂಟಿಸಿದ ಪದ ಬಾಯಿಂದ ಮರೆಯಾಗುತ್ತದೆ.

ಇನ್ನು ನಿಮ್ಮ ಮುಖ್ಯ ತಕರಾರು. ಗಂಡಸಿಗೆ 'ಏಳು ಕೆರೆ ನೀರು ಕುಡಿದವನು' ಅಂದರೆ ಅದರಲ್ಲಿ ಹುಷಾರು ಅನ್ನುವುದೂ ಇದೆ, ಭಲೇ ಅನ್ನುವುದೂ ಇದೆ. ಹೆಂಗಸಿಗೆ ಅಂದರೆ ಭಲೇ ಹೋಗಿ ಬೈಗುಳ ಮಾತ್ರ ಉಳಿಯುತ್ತದೆ. ನಿಜ, ಒಪ್ಪಿದೆ. ಆದರೆ ಅದು ಮಾತಿನ ತಪ್ಪಾ, ಕೇಳುವ ಕಿವಿಯ ತಪ್ಪಾ? ಹುಡುಗಿಗೆ 'ದೊಡ್ಡವಳಾದಳು' ಅಂತ ನಾವು ಹೇಳುವುದು ಒಂದೇ ಸಲ. ಮೈನೆರೆದಾಗ. ಕೂರಿಸಿ, ಆರತಿ ಎತ್ತಿ, ಚಿಗಳಿ ಹಂಚುತ್ತೇವೆ. ಮುಂದೆ ಅವಳು ಗಂಡನ ಸಾಲ ತೀರಿಸಿ, ಬ್ಯಾಂಕಿನಲ್ಲಿ ವಾದ ಮಾಡಿ, ಮಕ್ಕಳನ್ನು ಓದಿಸಿ ನಿಜವಾಗಿ ದೊಡ್ಡವಳಾದಾಗ ಯಾರೂ ಆ ಮಾತು ಹೇಳುವುದಿಲ್ಲ. ಗಟ್ಟಿಗಿತ್ತಿ ಅನ್ನುವುದೊಂದಿದೆ. ಅದನ್ನೂ ಎಷ್ಟೋ ಜನ ಮೂಗು ಮುರಿದೇ ಹೇಳುತ್ತಾರೆ. ಮದುವೆ ಜಾಹೀರಾತಿನಲ್ಲಿ 'ಮೆಚ್ಯೂರ್ಡ್ ಹುಡುಗಿ ಬೇಕು' ಅಂತ ಹಾಕುತ್ತಾರಲ್ಲ, ಅಲ್ಲಿ ಅದರ ಅರ್ಥವೇ ಬೇರೆ. ಎದುರು ಮಾತಾಡದೆ ಹೊಂದಿಕೊಂಡು ಹೋಗುವವಳು ಅಂತ. ಈ ಪದವನ್ನಾ ನಾನು ಆ ಹೆಂಗಸಿಗೆ ಕೊಡಬೇಕಿತ್ತು?

ಕಥೆಯಲ್ಲಿ ಅವಳು ಯಾರು? ಬಯಲುಸೀಮೆಯಿಂದ ಪ್ರತಿ ವರ್ಷ ಕಾಫಿ ಕುಯ್ಲಿಗೆ ಘಟ್ಟದ ಕಡೆ ಹೋಗುವವಳು. ಸಕಲೇಶಪುರದಲ್ಲಿ ಅರೇಬಿಕಾ ಮುಗಿದರೆ ಮೂಡಿಗೆರೆಯಲ್ಲಿ ರೊಬಸ್ಟಾ. ಹಣ್ಣು ಯಾವುದು, ದೋರೆಗಾಯಿ ಯಾವುದು ಅಂತ ಅವಳ ಬೆರಳಿಗೇ ಗೊತ್ತು. ಸಂಜೆ ತೂಕದ ಹೊತ್ತಿಗೆ ತಕ್ಕಡಿಯಿಂದ ಕಣ್ಣು ತೆಗೆಯುವುದಿಲ್ಲ. ತೋಟದ ಲೆಕ್ಕ ಬರೆಯುವ ರೈಟರು ಒಂದು ಕೆಜಿ ಕಡಿಮೆ ಬರೆದರೆ ಪುಸ್ತಕದ ಮೇಲೆ ಬೆರಳಿಟ್ಟು ತೋರಿಸುತ್ತಾಳೆ. ಒಂದೊಂದು ಊರಿನಲ್ಲಿ ಒಂದೊಂದು ನೀರು ಕುಡಿದೇ ಅವಳು ಇದನ್ನೆಲ್ಲ ಕಲಿತಿದ್ದು. ಪ್ರಬುದ್ಧೆ ಅಂದಿದ್ದರೆ ಅವಳನ್ನು ತೋಟದಿಂದ ಎಬ್ಬಿಸಿ ಸಭೆಯ ವೇದಿಕೆಗೆ ಹತ್ತಿಸಿದ ಹಾಗಾಗುತ್ತಿತ್ತು.

ಬೇಜಾರು ಮಾಡಿಕೊಳ್ಳಬೇಡಿ, ಒಂದು ಕೇಳುತ್ತೇನೆ. ಮಕ್ಕಳ ಪ್ರಬಂಧದಲ್ಲಿ ಇಂಥ ಮನೆಮಾತು ಬಂದಾಗ ಕೆಂಪು ಶಾಯಿಯಲ್ಲಿ ಹೊಡೆದು ಮೇಲೆ ಪುಸ್ತಕದ ಪದ ಬರೆದವರು ಯಾರು? ನನ್ನ ಮೇಷ್ಟ್ರೂ ಹಾಗೇ ಮಾಡಿದರು. 'ಬುದ್ಧಿ ಬಂತು' ಅಂತ ಬರೆದಿದ್ದೆ. 'ಪ್ರಬುದ್ಧನಾದನು' ಅಂತ ತಿದ್ದಿದರು. ಹೀಗೆ ತಿದ್ದಿಸಿಕೊಂಡು ಬೆಳೆದವರೇ ಈಗ ಪತ್ರಿಕೆ ನಡೆಸುತ್ತಿದ್ದೇವೆ, ಪಠ್ಯ ಬರೆಯುತ್ತಿದ್ದೇವೆ. ಮನೆಮಾತಿಗೆ ನಾಚಿಕೊಂಡ ಮಕ್ಕಳು ಪುಸ್ತಕದ ಪದಕ್ಕೂ ಒಗ್ಗಲಿಲ್ಲ. ಮೆಚ್ಯೂರ್ಡ್ ಬಂದು ಆ ಖಾಲಿ ಜಾಗದಲ್ಲಿ ಕೂತಿತು.

ಅಜ್ಜಿಯ ಮನೆ ಈಗ ಆರ್‌ಸಿಸಿ. ಅಟ್ಟ ಇಲ್ಲ. ಕಾಯಿ ಬಲಿಯುವ ಮೊದಲೇ ಎಳನೀರಿಗೆ ಕೊಟ್ಟುಬಿಡುತ್ತಾರೆ. ದುಡ್ಡು ಬೇಗ ಕೈಗೆ ಬರುತ್ತದೆ, ತಪ್ಪೇನಿಲ್ಲ. ಆದರೆ 'ಇನ್ನೂ ಬಿಟ್ಟಿಲ್ಲ' ಅಂದರೆ ಆ ಮನೆಯ ಮಕ್ಕಳಿಗೆ ಅರ್ಥವಾಗುವುದಿಲ್ಲ. ಹೋದ ಯುಗಾದಿಗೆ ಹೋದಾಗ ಹೇಳಿ ನೋಡಿದೆ. "ಏನನ್ನ ಬಿಟ್ಟಿಲ್ಲ ದೊಡ್ಡಪ್ಪ?" ಅಂತ ಕೇಳಿದರು. ತಿಪಟೂರಿನಿಂದ ಒಂದು ಇಡೀ ಕಾಯಿ ತರಿಸಿ, ಅವರ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ.