ಓಡಿಸದ ಗಾಡಿಯ ರಿವ್ಯೂ

ನಾನು ಆಪ್ತಸಲಹೆಗಾರ್ತಿ. ನನ್ನ ಹತ್ತಿರ ಬಂದ ಒಬ್ಬ ಬರಹಗಾರರ ಕಥೆ ಇದು, ಬರೆಯಲು ಅವರ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಬೆಳಗಾವಿಯಲ್ಲಿ ಕೂತು ಬೆಂಗಳೂರು, ಮುಂಬೈನವರಿಗೆ ಕಾರು, ಬೈಕು, ಮೊಬೈಲ್ ಬಗ್ಗೆ ಬರೆದುಕೊಡುವವರು ಈಚೆಗೆ ನನ್ನ ಹತ್ತಿರ ಬರುವುದು ಜಾಸ್ತಿಯಾಗಿದೆ. ಎಲ್ಲರೂ ನಿದ್ದೆಯಿಂದಲೇ ಮಾತು ಶುರು ಮಾಡುತ್ತಾರೆ. ಈ ಒಬ್ಬರಿಗೆ ನಾನು ಕೊಟ್ಟ ಸಲಹೆಯನ್ನು ನನ್ನ ಜೊತೆಯವರು ಕೆಲವರು ಒಪ್ಪಲಿಲ್ಲ. ಅದಕ್ಕೂ ಇಲ್ಲಿ ಉತ್ತರ ಹೇಳಬೇಕು.

ವಯಸ್ಸು ಮೂವತ್ತರ ಆಚೀಚೆ. ಮೆಕ್ಯಾನಿಕಲ್ ಡಿಪ್ಲೊಮಾ. ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಕೆಲವು ವರ್ಷ ದುಡಿದು, ಬಿಟ್ಟು, ಫ್ರೀಲಾನ್ಸ್ ಬರವಣಿಗೆಗೆ ಇಳಿದವರು. ಮದುವೆಯಾಗಿದೆ, ಒಂದು ಮಗು ಇದೆ. ಮನೆಯಲ್ಲಿ ಕೂತೇ ಕೆಲಸ, ಹಾಗಾಗಿ ಓಣಿಯವರ ಕಣ್ಣಿಗೆ ಇವರು ಕೆಲಸ ಇಲ್ಲದವರು. ಪಗಾರ ಅಂತ ಒಂದು ತಾರೀಖಿಲ್ಲ. ಬರೆದುಕೊಟ್ಟ ಮೂರು ತಿಂಗಳಿಗೆ ದುಡ್ಡು ಬಂದರೆ ಪುಣ್ಯ.

ನಿದ್ದೆ ಇಲ್ಲ, ಎದೆ ಡವಡವ ಅನ್ನುತ್ತೆ, ಲ್ಯಾಪ್‌ಟಾಪ್ ತೆರೆದರೆ ಕೈ ಓಡಲ್ಲ ಅಂತ ಬಂದರು. ಮೊದಲ ಭೇಟಿಗಳಲ್ಲಿ ನಾವು ಮಾತಾಡಿದ್ದು ದುಡ್ಡಿನ ಬಗ್ಗೆಯೇ. ಅಲ್ಲಿ ಮಾಡುವಂಥದ್ದು ಸ್ವಲ್ಪ ಇತ್ತು, ಮಾಡಿದೆವು. ಒಬ್ಬನೇ ಕೂತು ಬರೆಯುವವನೂ ಸೇವಾ ಉದ್ಯಮಿಯಾಗಿ, ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಮಾಡಿಸಬಹುದು. ಹಾಗೆ ಮಾಡಿಸಿದರೆ, 2006ರ ಎಂಎಸ್‌ಎಂಇ (ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆ ಪ್ರಕಾರ ಕೆಲಸ ಮಾಡಿಸಿಕೊಂಡವರು ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು. ತಡವಾದರೆ ಬಡ್ಡಿ ಸೇರಿಸಿ ಕೇಳುವ ಹಕ್ಕಿದೆ. ಕೇಳುವ ಧೈರ್ಯ ಬೇರೆ ಮಾತು, ಆದರೆ ಹಕ್ಕಿದೆ ಅಂತ ಗೊತ್ತಾದರೆ ಬೆನ್ನು ಸ್ವಲ್ಪ ನೆಟ್ಟಗಾಗುತ್ತದೆ. ಇವರದ್ದೂ ಆಯಿತು. ನಿದ್ದೆ ಮಾತ್ರ ಬರಲಿಲ್ಲ.

ಆಮೇಲಿನ ಒಂದು ಭೇಟಿಯಲ್ಲಿ, ಏಳುವ ಹೊತ್ತಿಗೆ, ಸುಮ್ನೆ ಕೇಳಿದಂತೆ ಕೇಳಿದರು. "ಮೇಡಂ ರೀ, ಬ್ಯಾಟರಿ ಗಾಡಿ ತಗೋಬೇಕಂತ ಯಾರರ ನಿಮ್ಮನ್ನ ಕೇಳಿದ್ರ ಏನ್ ಹೇಳ್ತೀರಿ?"

ನನಗೆ ಗಾಡಿ ವಿಷಯ ತಿಳಿಯಲ್ಲ, ನಿಮ್ಮನ್ನೇ ಕೇಳಿ ಅಂತೀನಿ ಅಂದೆ. ಅವರ ಮುಖ ಬಿಳಚಿಕೊಂಡಿತು. ಮತ್ತೆ ಕೂತರು.

ಅವರ ಕಾಕಾ ವಾಯವ್ಯ ಸಾರಿಗೆಯಲ್ಲಿ ಬಸ್ ಓಡಿಸಿ ನಿವೃತ್ತರಾದವರು. ನಂದಗಡದ ಹತ್ತಿರ ಸ್ವಲ್ಪ ಗದ್ದೆ ಇದೆ. ಓಡಾಟಕ್ಕೆ ಒಂದು ಎಲೆಕ್ಟ್ರಿಕ್ ಸ್ಕೂಟರ್ ಕೊಂಡರು. ಯಾವುದು ಅಂತ ಷೋರೂಮಿನವನನ್ನೂ ಸರಿಯಾಗಿ ಕೇಳಲಿಲ್ಲ. ಅಣ್ಣನ ಮಗ ಅದರ ಬಗ್ಗೆ ಬರೆದಿದ್ದ, ಅದನ್ನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದ್ದರು. ಒಂದು ಸಲ ಚಾರ್ಜ್ ಮಾಡಿದರೆ ನೂರು ಕಿಲೋಮೀಟರ್ ಮೇಲೆ ಅಂತ ಅದರಲ್ಲಿತ್ತು. ಕಾಕೂನ ಹಿಂದೆ ಕೂರಿಸಿಕೊಂಡು ಗದ್ದೆಗೆ ಹೋದರು. ಬರುವಾಗ ಕಾಲ ಹತ್ತಿರ ಒಂದು ಅಕ್ಕಿ ಚೀಲ. ದೇಸೂರು ದಾಟಿ ಮಚ್ಛೆ ಹತ್ತಿರ ಬರುವಷ್ಟರಲ್ಲಿ ಗಾಡಿ ನಿಂತಿತು. ಕತ್ತಲು. ಟೆಂಪೊ ಮಾಡಿಸಿ ಗಾಡಿ, ಚೀಲ, ಹೆಂಡತಿ ಮೂವರನ್ನೂ ಮನೆಗೆ ತಂದರು.

ಈ ಅಂಕಿ ಹೇಗೆ ಬರುತ್ತದೆ ಅಂತ ನನಗೆ ವಿವರಿಸಿದ್ದೂ ಅವರೇ. ಕಂಪನಿ ಹೇಳುವ ದೂರ ರಸ್ತೆಯಲ್ಲಿ ಅಳೆದದ್ದಲ್ಲ. ಪ್ರಯೋಗಾಲಯದಲ್ಲಿ ರೋಲರ್ ಮೇಲೆ ಗಾಡಿ ನಿಲ್ಲಿಸಿ, ಗೊತ್ತುಮಾಡಿದ ವೇಗದಲ್ಲಿ ಓಡಿಸಿ ಅಳೆಯುತ್ತಾರೆ. ಪುಣೆಯ ಎಆರ್‌ಎಐನಂಥ ವಾಹನ ಪರೀಕ್ಷಾ ಸಂಸ್ಥೆಗಳು ಅದಕ್ಕೆ ಪ್ರಮಾಣಪತ್ರ ಕೊಡುತ್ತವೆ. ಅಲ್ಲಿ ಎದುರುಗಾಳಿ ಇಲ್ಲ, ಖಾನಾಪುರ ರಸ್ತೆಯ ಏರಿಲ್ಲ, ಹಿಂದೆ ಕಾಕೂ ಇಲ್ಲ, ಅಕ್ಕಿ ಚೀಲವಂತೂ ಇಲ್ಲವೇ ಇಲ್ಲ. ಇಬ್ಬರು ಕೂತು ಜೋರಾಗಿ ಹೋದರೆ ದೂರ ಚೆನ್ನಾಗಿ ಇಳಿಯುತ್ತದೆ.

"ಇದು ಆಗಲೂ ನಿಮಗೆ ಗೊತ್ತಿತ್ತಲ್ವಾ?" ಅಂದೆ.

ಗೊತ್ತಿತ್ತು. ಆದರೆ ಪ್ರೆಸ್ ನೋಟ್ ಬೆಳಿಗ್ಗೆ ಬಂದಿತ್ತು, ಮಧ್ಯಾಹ್ನ ಎಂಬಾರ್ಗೋ (ಅಲ್ಲಿಯವರೆಗೆ ಪ್ರಕಟಿಸಬಾರದು ಅನ್ನುವ ಕಂಪನಿಯ ತಡೆ) ಮುಗಿಯುತ್ತಿತ್ತು, ಮುಗಿದ ಕೂಡಲೇ ಲೇಖನ ಏರಬೇಕಿತ್ತು. ಓಡಿಸಿ ನೋಡಲು ಕಂಪನಿಯವರು ಕೊಡುವ ಗಾಡಿಗಳು ದೊಡ್ಡ ಊರುಗಳಲ್ಲೇ ಸುತ್ತುತ್ತವೆ, ಬೆಳಗಾವಿಯ ಫ್ರೀಲಾನ್ಸರ್‌ವರೆಗೆ ಬರುವುದು ಅಪರೂಪ. ಹೀಗಾಗಿ ಕಂಪನಿ ಕೊಟ್ಟ ವಿವರಗಳ ಪಟ್ಟಿ, ಸ್ಪೆಕ್ ಶೀಟ್, ಮುಂದಿಟ್ಟುಕೊಂಡು, "ಸವಾರಿ ಹಾಯಾಗಿದೆ, ನಗರದ ಓಡಾಟಕ್ಕೆ ಹೇಳಿ ಮಾಡಿಸಿದ್ದು" ಅಂತ ಬರೆದಿದ್ದರು. "ಆ ಗಾಡಿ ನಾ ಮುಟ್ಟಿನೂ ನೋಡಿಲ್ರೀ" ಅಂದರು.

ಇಷ್ಟು ಹೇಳಿ ತಮ್ಮ ಪರವಾಗಿ ವಾದಕ್ಕೂ ಇಳಿದರು. ತಾನು ಕಂಪನಿಯಿಂದ ಒಂದು ರೂಪಾಯಿ ತಗೊಂಡಿಲ್ಲ. ಜಾಹೀರಾತಿನಲ್ಲಿ ಹೊಗಳುವವರಿಗೆ ಆ ವಸ್ತುವಿನ ಬಗ್ಗೆ ಸಾಕಷ್ಟು ಮಾಹಿತಿಯೋ ಅನುಭವವೋ ಇರಬೇಕು ಅಂತ 2022ರ ಕೇಂದ್ರ ಮಾರ್ಗಸೂಚಿ ಹೇಳುತ್ತದೆ, ಆದರೆ ತನ್ನದು ಜಾಹೀರಾತೇ ಅಲ್ಲವಲ್ಲ. ರಿವ್ಯೂಗೆ ಬಂದ ಫೋನುಗಳನ್ನೂ ಇಟ್ಟುಕೊಳ್ಳದೆ ವಾಪಸ್ ಕಳಿಸುತ್ತೇನೆ ಅಂದರು. ಎಲ್ಲಾ ಸರಿಯೇ. ನಾನು ತಲೆಯಾಡಿಸುತ್ತಾ ಕೇಳಿದೆ. ಕಾನೂನಿನ ಪ್ರಕಾರ ಶುದ್ಧವಾಗಿದ್ದ ಮನುಷ್ಯ ರಾತ್ರಿ ಎರಡಕ್ಕೆ ಎದ್ದು ಯಾಕೆ ಕೂರುತ್ತಾನೆ?

"ಕಾಕಾ ಬೈದರಾ?" ಅಂದೆ.

"ಬೈದಿದ್ರ ಛಲೋ ಇತ್ರೀ." ಸ್ವಲ್ಪ ಹೊತ್ತು ಸುಮ್ಮನಿದ್ದರು. ಟೇಬಲ್ ಮೇಲಿದ್ದ ನೀರಿನ ಬಾಟಲಿಯ ಮುಚ್ಚಳ ತಿರುಗಿಸುವುದು, ಮತ್ತೆ ಬಿಗಿ ಮಾಡುವುದು ನಡೆದೇ ಇತ್ತು. "'ಗಾಡೀದೇನ್ ತಪ್ಪಿಲ್ಲ ಬಿಡೋ ತಮ್ಮಾ, ನೀ ಸರೀನ ಬರದೀ. ನಂಗ ಓಡಸಾಕ ಬರವಲ್ದು, ವಯಸ್ಸಾತು' ಅಂದ್ರು. ಜನ್ಮ ಪೂರ್ತಿ ಬಸ್ ಓಡಿಸಿದ ಮನಷ್ಯಾರೀ ಅವರು."

ಅಲ್ಲಿಂದ ಮುಂದೆ ನಾನು ನಿದ್ದೆಯ ಬಗ್ಗೆ ಕೇಳುವುದನ್ನೇ ಬಿಟ್ಟೆ.

ಸಲಹೆ ಕೊಟ್ಟೆ. ಸಲಹೆ ಅನ್ನುವುದಕ್ಕಿಂತ ಹೇಳಿಯೇಬಿಟ್ಟೆ ಅನ್ನಬಹುದು. ಈ ವಾರ ಕಾಕಾನ ಮನೆಗೆ ಹೋಗಿ. ಫೋನ್ ಬೇಡ. ಆ ಗಾಡಿ ನಾನು ಓಡಿಸಿರಲಿಲ್ಲ, ಕಂಪನಿಯ ಕಾಗದ ನೋಡಿ ಬರೆದೆ, ನಿಮ್ಮ ಓಡಿಸುವಿಕೆಯಲ್ಲಿ ಏನೂ ದೋಷವಿಲ್ಲ ಅಂತ ಹೇಳಿ. ಕಂಪನಿ, ಎಡಿಟರ್, ಎಂಬಾರ್ಗೋ ಯಾವುದನ್ನೂ ಆ ಮಾತಿನಲ್ಲಿ ತರಬೇಡಿ.

ಜೊತೆಯವರ ಆಕ್ಷೇಪ ಇದೇ. ಆಪ್ತಸಲಹೆಗಾರರು ಹೀಗೆ ಮಾಡು ಅಂತ ಹೇಳಬಾರದು, ಅವರೇ ದಾರಿ ಕಂಡುಕೊಳ್ಳುವಂತೆ ನೋಡಿಕೊಳ್ಳಬೇಕು. ಆತಂಕದಲ್ಲಿರುವವನನ್ನು ಇನ್ನಷ್ಟು ನಾಚಿಕೆಗೆ ದೂಡಿದಿರಿ ಅಂದರು. ನಿಯಮ ನನಗೂ ಗೊತ್ತು, ನೂರಕ್ಕೆ ತೊಂಬತ್ತು ಸಲ ಪಾಲಿಸುತ್ತೇನೆ. ಆದರೆ ಅಪರಾಧಿ ಭಾವದಲ್ಲಿ ಎರಡು ಬಗೆ ಇದೆ ಅಂತ ನನ್ನ ನಂಬಿಕೆ. ಒಂದಕ್ಕೆ ವಿಳಾಸವಿಲ್ಲ, ಯಾರಿಗೂ ಕೆಟ್ಟದ್ದಾಗಿಲ್ಲದಿದ್ದರೂ ಮನಸ್ಸು ಕೊರೆಯುತ್ತದೆ. ಅದಕ್ಕೆ ಉಸಿರಾಟ, ವ್ಯಾಯಾಮ, ಬೇಕಿದ್ದರೆ ಮಾತ್ರೆ. ಇನ್ನೊಂದಕ್ಕೆ ವಿಳಾಸವಿದೆ. ಇಲ್ಲಿ ಅದು ಸೈಕಲ್ ಮೇಲೆ ಹೋಗುವಷ್ಟು ದೂರದಲ್ಲಿತ್ತು. ಒಬ್ಬ ಹಿರಿಯರು ತಮ್ಮ ಕೈಮೇಲಿನ ನಂಬಿಕೆ ಕಳೆದುಕೊಳ್ಳುತ್ತಾ ಕೂತಿದ್ದರು, ದಿನಾ. ಅವರು ಅಲ್ಲಿ ಹಾಗೆ ಕೂತಿರುವಾಗ ಇವರಿಗೆ ಇಲ್ಲಿ ಉದ್ದುದ್ದ ಉಸಿರು ಎಳೆಯಲು ಕಲಿಸುವುದು ನನ್ನ ಕೈಲಾಗಲಿಲ್ಲ.

ಕೆಲಸ ಬಿಡಿ ಅಂತ ನಾನು ಹೇಳಲಿಲ್ಲ. ಅವರ ಮನೆಯವರಿಗೆ ಅದೇ ಬೇಕಿತ್ತು. ಆದರೆ ಇವರಿಗೆ ಎಂಜಿನ್ ಗೊತ್ತು, ಕಬ್ಬಿಣ ಗೊತ್ತು, ಬರವಣಿಗೆ ಚೆನ್ನಾಗಿದೆ. ಇಂಥವರು ಬಿಟ್ಟರೆ ಆ ಜಾಗಕ್ಕೆ ಏನೂ ಗೊತ್ತಿಲ್ಲದವರು ಬಂದು ಕೂರುತ್ತಾರೆ, ಅಲ್ವಾ? ಬದಲಿಗೆ, ಪ್ರತಿ ಲೇಖನದ ಮೊದಲ ಪ್ಯಾರಾದಲ್ಲೇ ಒಂದು ಸಾಲು ಹಾಕಲು ಹೇಳಿದೆ. ನಾನು ಓಡಿಸಿದ್ದು, ಇಷ್ಟು ಕಿಲೋಮೀಟರ್. ಅಥವಾ ಬಿಡುಗಡೆ ದಿನ ಕಂಡದ್ದು, ಓಡಿಸಿಲ್ಲ. ಅಥವಾ ಕಂಪನಿ ಕೊಟ್ಟ ಮಾಹಿತಿ ಅಷ್ಟೇ. ಎಡಿಟರ್ ಆ ಸಾಲು ತೆಗೆದುಹಾಕುತ್ತಾರೆ ಅಂದರು. ತೆಗೆದರೆ ಹೆಸರಿಲ್ಲದೆ ಹಾಕಲು ಕೇಳಿ ಅಂದೆ. ಎಡಿಟರ್‌ಗೆ ಕಳಿಸುವ ಮೇಲ್ ಅನ್ನು ನನ್ನ ಮುಂದೆಯೇ ಮೊಬೈಲಿನಲ್ಲಿ ಬರೆದರು. ಮೊದಲ ಕರಡಿನಲ್ಲಿ ಕ್ಷಮಿಸಿ ಅನ್ನುವ ಮಾತು ಪ್ರತಿ ಸಾಲಿನಲ್ಲೂ ಇತ್ತು, ಎಲ್ಲಾ ತೆಗೆಸಿದೆ.

ಹೋಗಿ ಹೇಳಿದಾಗ ಕಾಕಾ ಸಿಟ್ಟಾದರು. ಗಾಡಿಗಾಗಿ ಅಲ್ಲ. "ಎರಡು ತಿಂಗಳು ನನ್ನ ಪ್ಯಾಟಿ ದಾಟಿ ಹೋಗದಂಗ ಮಾಡಿದೆಲ್ಲೋ" ಅಂದರಂತೆ. ಕೆಲವು ವಾರ ಮಾತು ಬಿಟ್ಟರು. ಮನೆಯಲ್ಲಿ ಇವರ ತಂದೆಯೂ ಒಂದು ಸುತ್ತು ಬೈದರು. ಒಂದು ಕಡೆಯವರು ಆ ಸಾಲು ಒಪ್ಪದೆ ಕೆಲಸ ಕೊಡುವುದು ನಿಲ್ಲಿಸಿದರು, ತಿಂಗಳ ಆದಾಯದಲ್ಲಿ ಅದೊಂದು ದೊಡ್ಡ ಪಾಲು. ಇನ್ನೊಂದು ಕಡೆ ಒಪ್ಪಿದರು. ನಿದ್ದೆ ಪೂರ್ತಿ ಸರಿಯಾಗಿಲ್ಲ, ಆದರೆ ರಾತ್ರಿ ಎದ್ದು ಕೂರುವುದು ನಿಂತಿದೆ. ಕೈ ಓಡುತ್ತಿದೆ.

ಇದನ್ನು ಓದಿದವರು ಯಾರೂ ಈ ಸಲಹೆಯನ್ನು ಹಾಗೇ ಎತ್ತಿಕೊಂಡು ಹೋಗಬೇಡಿ. ಇದಾದ ಮೇಲೆ ಮೊಬೈಲ್ ರಿವ್ಯೂ ಮಾಡುವ ಹುಡುಗಿಯೊಬ್ಬಳು ಬಂದಳು. ಫೋನನ್ನು ವಾರಗಟ್ಟಲೆ ತಾನೇ ಬಳಸಿ, ಬಿಸಿಯಾಗುತ್ತದೆ ಅಂತಲೂ ಹೇಳಿ ವಿಡಿಯೋ ಹಾಕಿದ್ದಳು. ಆದರೂ ಕೊಂಡವನೊಬ್ಬ ದಿನಾ ಮೆಸೇಜ್ ಮಾಡಿ ಬೈಯುತ್ತಿದ್ದ. ಅವನಿಗೆ ಕ್ಷಮೆ ಕೇಳಲೇ ಮೇಡಂ ಅಂದಳು. ಬೇಡ ಅಂದೆ, ಬ್ಲಾಕ್ ಮಾಡಿಸಿದೆ. ಅವಳ ಎದೆಬಡಿತ ಕಡಿಮೆಯಾಗದಿದ್ದಾಗ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕಳಿಸಿದೆ. ಅಷ್ಟು ದೂರ ಹೋಗಲಾಗದವರು, ಅಥವಾ ಯಾರ ಮುಂದೆಯೂ ಕೂರಲು ಮನಸ್ಸಿಲ್ಲದವರು, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಬಹುದು. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ.