ಹೆಜ್ಜಾರ್ಲೆಯ ತವರಿಗೆ ಕಾಯ್ದೆ ತಡವಾಗಿ ಬಂತು

ಪ್ರಶ್ನೆ: ಕಳೆದ ಸಂಚಿಕೆಯಲ್ಲಿ ಹೆಜ್ಜಾರ್ಲೆ ಹಕ್ಕಿಗಳನ್ನು ಉಳಿಸಿಕೊಂಡರೆಂದು ಕೊಕ್ಕರೆಬೆಳ್ಳೂರಿನ ಹಳ್ಳಿಗರನ್ನು ಹಾಡಿ ಹೊಗಳಿದ್ದೀರಿ. ವನ್ಯಜೀವಿಗಳು ಉಳಿದದ್ದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದ, ಇಂದಿರಾ ಗಾಂಧಿ, ಪಕ್ಷಿತಜ್ಞ ಸಲೀಂ ಅಲಿ ಅಂಥವರಿಂದ, ಹಳ್ಳಿಗರ ಭಾವುಕತೆಯಿಂದಲ್ಲ. ಇನ್ನು ‘ಹೆಜ್ಜಾರ್ಲೆ’ ಅಂದರೆ ಎಷ್ಟು ಜನಕ್ಕೆ ತಿಳಿದೀತು? ಪೆಲಿಕನ್ ಎಂದು ಬರೆಯಬಾರದೆ?
– ನಿವೃತ್ತ ಶಿಕ್ಷಕರು, ಶಿವಮೊಗ್ಗ

ಉತ್ತರ: ಮೂರು ಪುಟದ ಕಾಗದ, ಒಂದೂ ಚಿತ್ತಿಲ್ಲ. ಇಂಥ ಅಕ್ಷರದಲ್ಲಿ ಬೈಸಿಕೊಳ್ಳಲೂ ಪುಣ್ಯ ಬೇಕು ಮೇಷ್ಟರೇ.

ಕಾಯ್ದೆಯ ಬಗ್ಗೆ ನೀವು ಹೇಳಿದ್ದು ಸುಳ್ಳಲ್ಲ. 1972ರ ಗಣತಿಯಲ್ಲಿ ದೇಶದಲ್ಲಿ ಸಿಕ್ಕ ಹುಲಿಗಳು ಬರೀ 1,827. ಆ ವರ್ಷವೇ ಕಾಯ್ದೆ ಬಂತು, ಮರುವರ್ಷ ಹುಲಿ ಯೋಜನೆ. ಮೊದಲ ಒಂಬತ್ತು ಕಾಡುಗಳಲ್ಲಿ ನಮ್ಮ ಬಂಡೀಪುರವೂ ಒಂದು. ಕರಡು ಬರೆದ ಎಂ.ಕೆ. ರಂಜಿತ್‌ಸಿಂಹರಿಗೂ ಬೆನ್ನಿಗೆ ನಿಂತ ಪ್ರಧಾನಿಗೂ ಕೈ ಮುಗಿದೆ. ಸಲೀಂ ಅಲಿಯವರ ಮಾತಿಗೆ ಮೈಸೂರು ಅರಸರು ಒಪ್ಪಿದ್ದರಿಂದಲೇ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು, ಅದಕ್ಕೂ ಒಂದು ನಮಸ್ಕಾರ.

ಆದರೆ ಕಾಯ್ದೆಯ ವಂಶಾವಳಿಯನ್ನೂ ಸ್ವಲ್ಪ ನೋಡಿ. 1879ರ ಆನೆ ಸಂರಕ್ಷಣಾ ಕಾಯ್ದೆ ಮಮತೆಯಿಂದ ಹುಟ್ಟಿದ್ದಲ್ಲ. ದಿಮ್ಮಿ ಎಳೆಯಲು, ಸಾಮಾನು ಹೊರಲು ಸರ್ಕಾರಕ್ಕೆ ಆನೆ ಬೇಕಿತ್ತು. 1912ರದ್ದು, ಇಂತಿಂಥ ತಿಂಗಳು ಬೇಟೆ ಬೇಡ ಅಂದಿತು. ಉಳಿದ ತಿಂಗಳಲ್ಲಿ ಹೊಡೆಯಲು ಪ್ರಾಣಿ ಮಿಗಬೇಕಲ್ಲ! ಬಂಡೀಪುರವೂ ಮಹಾರಾಜರ ಬೇಟೆಯ ಕಾಡೇ. ಕಾಕನಕೋಟೆಯಲ್ಲಿ ಕೊನೆಯ ಖೆಡ್ಡಾ, ಅಂದರೆ ಕಾಡಾನೆ ಅಟ್ಟಿ ಹಿಡಿಯುವ ಕಾರ್ಯಾಚರಣೆ, ನಡೆದದ್ದು 1971ರಲ್ಲಿ. ಆನೆ ಅಟ್ಟಿಕೊಂಡು ಹೊಳೆಗಿಳಿದವರು ಕಾಡುಕುರುಬರು, ಮಾವುತರು. ಹಳೆಯ ಫೋಟೋಗಳ ಅಡಿಯಲ್ಲಿ ಹೆಸರಿರುವುದು ನೋಡಲು ಬಂದ ದೊರೆಗಳದ್ದು.

ಇನ್ನು ನೀವು ‘ಭಾವುಕತೆ’ ಅಂದಿರಲ್ಲ, ಅಲ್ಲಿಗೆ ಬರೋಣ. ಮದ್ದೂರು ತಾಲ್ಲೂಕಿನ ಈ ಕೊಕ್ಕರೆಬೆಳ್ಳೂರಿನಲ್ಲಿ ಹಕ್ಕಿಗೂ ಜನಕ್ಕೂ ನಡುವೆ ಬೇಲಿಯಿಲ್ಲ. ಮನೆ ಮುಂದಿನ ಹುಣಸೆಮರದಲ್ಲೇ ಗೂಡು. ಒಮ್ಮೆ ಫೆಬ್ರವರಿಯಲ್ಲಿ ಹೋಗಿ ಒಂದು ಅಂಗಳದಲ್ಲಿ ಕತ್ತೆತ್ತಿ ನಿಂತಿದ್ದೆ. ಮೇಲಿಂದ ಅರ್ಧ ಜೀರ್ಣವಾದ ಮೀನೊಂದು ಪಚಕ್ಕನೆ ಬಿತ್ತು, ಹಿಂದೆಯೇ ಹೆಗಲಿಗೆ ಸುಣ್ಣ ಬಳಿದ ಹಾಗೆ ಹಿಕ್ಕೆ. ಮನೆಯ ಅಜ್ಜಿ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಿತು. “ಬಾಣಂತನಕ್ ಬಂದಿರೋ ಹೆಣ್ಣೈಕ್ಳು, ಬೈಯಕ್ಕಾದದಾ ಸ್ವಾಮಿ?” ಅಂತ ಒಂದು ಚೊಂಬು ನೀರು ಕೊಟ್ಟಿತು. ಗೂಡಿರುವಾಗ ಮರ ಬಡಿಯುವ ಹಾಗಿಲ್ಲ. ಹಣ್ಣು ಹೋಯಿತು ಅಂತಲೇ ಲೆಕ್ಕ. ಹಿಕ್ಕೆ ಗುಡಿಸಿ ಗೊಬ್ಬರ ಮಾಡಿ ಹೊಲಕ್ಕೆ ಹಾಕುತ್ತಾರೆ. ಇದು ಭಾವುಕತೆಯೋ, ಸಂಸಾರದ ಲೆಕ್ಕಾಚಾರವೋ, ಎರಡೂ ಸೇರಿದ್ದೋ, ನೀವೇ ಹೇಳಿ.

ಅರಣ್ಯ ಇಲಾಖೆಯಲ್ಲೂ ಕಣ್ಣಿದ್ದವರಿದ್ದರು. ಎಸ್.ಜಿ. ನೇಗಿನಹಾಳರು 1976ರಲ್ಲಿ ಈ ಊರನ್ನು ಹೊರಜಗತ್ತಿಗೆ ತೋರಿಸಿಕೊಟ್ಟರು. ಮರ ಕಡಿಯದೆ ಉಳಿಸಿಕೊಂಡವರಿಗೆ ಪರಿಹಾರವೂ ಬಂತು. ಕಾಯ್ದೆಗೆ ಮಾತ್ರ ಇಂಥದ್ದೊಂದು ಊರನ್ನು ಏನೆಂದು ಕರೆಯಬೇಕೆಂದೇ ಗೊತ್ತಿರಲಿಲ್ಲ. ಜನರೇ ತಮ್ಮ ನೆಲದಲ್ಲಿ ಕಾಯುವ ವನ್ಯಜೀವಿ ತಾಣಕ್ಕೆ ‘ಸಮುದಾಯ ಮೀಸಲು’ ಎಂಬ ಪದ ಅದರೊಳಗೆ ಸೇರಿದ್ದು 2002ರ ತಿದ್ದುಪಡಿಯಲ್ಲಿ, ಊರಿಗೆ ಆ ಪಟ್ಟ ಸಿಕ್ಕಿದ್ದು 2007ರಲ್ಲಿ. ಅಷ್ಟರಲ್ಲಿ ಆ ಅಜ್ಜಿಯ ಎಷ್ಟು ವರ್ಷದ ಹುಣಸೆ ಹೋಗಿತ್ತೋ.

ನಮ್ಮಲ್ಲಿ ಎಲ್ಲದರ ಹಣೆಬರಹವೂ ಇಷ್ಟೇ. ಕೆರೆ ಕಟ್ಟಿಸಿದವನಿಗೆ ಶಾಸನವುಂಟು, ಮಣ್ಣು ಹೊತ್ತವಳಿಗಿಲ್ಲ. ಬಿಳಿಗಿರಿರಂಗನ ಬೆಟ್ಟ ವನ್ಯಧಾಮವಾದಾಗ ಅಲ್ಲಿನ ಆದಿವಾಸಿ ಸೋಲಿಗರನ್ನು ಕಾಡಿನಿಂದ ಎಬ್ಬಿಸಿದರು; ಅದೇ ಕಾಡಿನ ಮೇಲೆ ಅವರ ಸಮುದಾಯ ಹಕ್ಕಿಗೆ ಕಾಗದ ಸಿಕ್ಕಿದ್ದು 2011ರಲ್ಲಿ. ಹುಲಿಯ ಹೆಜ್ಜೆ ಓದುವ ದಿನಗೂಲಿ ವಾಚರನ ಹೆಸರನ್ನು ಸಫಾರಿ ಜೀಪಿನಲ್ಲಿ ಯಾರೂ ಕೇಳುವುದಿಲ್ಲ, ಕ್ಯಾಮೆರಾದ ಲೆನ್ಸ್ ಯಾವುದೆಂದು ಕೇಳುತ್ತಾರೆ.

ಕೊನೆಗೆ ಆ ಪದ. ಊರಿನ ಹುಡುಗರು ಕಟ್ಟಿಕೊಂಡು, ಗೂಡಿನಿಂದ ಬಿದ್ದ ಮರಿಗಳಿಗೆ ಮೀನು ತಿನ್ನಿಸಿ ಸಾಕಿದ ಸಂಘದ ಹೆಸರೇ ‘ಹೆಜ್ಜಾರ್ಲೆ ಬಳಗ’. ಮಂಡ್ಯದ ಮಗು ‘ಪಿ ಫಾರ್ ಪೆಲಿಕನ್’ ಅಂತ ಬಾಯಿಪಾಠ ಮಾಡಿ, ತಲೆ ಮೇಲೆ ಹಾರುವುದು ಏನೆಂದು ತಿಳಿಯದೆ ನಿಂತರೆ, ತಪ್ಪು ಪದದ್ದಲ್ಲ. ಮೇಷ್ಟರಾಗಿ ನೀವೇ ಹೀಗಂದರೆ ಹೇಗೆ?

ಫೆಬ್ರವರಿಯಲ್ಲಿ ಬಿಡುವು ಮಾಡಿಕೊಳ್ಳಿ, ಇಬ್ಬರೂ ಹೋಗಿ ಬರೋಣ. ಬಿಳಿ ಅಂಗಿ ಬೇಡ, ಛತ್ರಿ ಇರಲಿ.