ಬೂಸ್ಟ್ ಏರಿದಾಗಲೆಲ್ಲ ಇಂಟರ್‌ಕೂಲರ್ ಪೈಪ್ ಕಳಚುತ್ತಿದ್ದರೆ ಏನು ಮಾಡಬೇಕು?

ಟರ್ಬೊ ಎಂಜಿನ್ನಿಗೆ ಒತ್ತಿ ಕಳಿಸುವ ಗಾಳಿಯ ಒತ್ತಡವೇ ಬೂಸ್ಟ್; ಆ ಬಿಸಿ ಗಾಳಿಯನ್ನು ದಾರಿಯಲ್ಲಿ ತಣಿಸುವುದು ಇಂಟರ್‌ಕೂಲರ್. ರಿಮ್ಯಾಪ್ (ಶಕ್ತಿ ಹೆಚ್ಚಿಸಲು ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸುವುದು) ಮಾಡಿಸಿ, ಅಲ್ಯೂಮಿನಿಯಂ ಪೈಪ್ ಹಾಕಿಸಿದ ಮೇಲೆ ಘಾಟಿ ಹತ್ತುವಾಗ ಪೈಪ್ ಕಳಚುತ್ತದೆ, ಗ್ಯಾರೇಜಿನವರು ಪ್ರತಿ ಸಲವೂ ಕ್ಲಾಂಪ್ ಇನ್ನಷ್ಟು ಬಿಗಿ ಮಾಡಿ ಕಳಿಸುತ್ತಾರೆ ಎಂದು ಬರೆದಿದ್ದೀರಿ. ದಯವಿಟ್ಟು ಇನ್ನು ಬಿಗಿ ಮಾಡಿಸಬೇಡಿ. ಗಾಳಿ ಸೋರದ ಹಾಗೆ, ಪೈಪುಗಳನ್ನು ಜೋಡಿಸುವ ಸಿಲಿಕೋನ್ ಹೋಸನ್ನು ಅದುಮಿ ಹಿಡಿಯುವುದು ಕ್ಲಾಂಪಿನ ಕೆಲಸ. ಹೋಸ್ ಜಾರದ ಹಾಗೆ ತಡೆಯಬೇಕಾದ್ದು ಪೈಪಿನ ತುದಿಯಲ್ಲಿ ಸುತ್ತಲೂ ಎದ್ದಿರುವ ಏಣು, ಮೆಕ್ಯಾನಿಕ್‌ಗಳು ಬೀಡ್ ಅನ್ನುತ್ತಾರಲ್ಲ, ಅದು.

ಲೆಕ್ಕ ಹಾಕಿ ನೋಡಿ. ಎರಡೂವರೆ ಇಂಚಿನ ಪೈಪಿನ ಬಾಯಿ ಸುಮಾರು 32 ಚದರ ಸೆಂಟಿಮೀಟರ್. ಬೂಸ್ಟ್ 1.5 ಬಾರ್ ಇದ್ದರೆ ಪೈಪನ್ನು ಜಾಯಿಂಟಿನಿಂದ ಹೊರಕ್ಕೆ ತಳ್ಳುವ ಬಲ ಹತ್ತಿರ ಹತ್ತಿರ 48 ಕೆಜಿ. ಒಂದು ಸಿಮೆಂಟ್ ಮೂಟೆ ಆ ಜಾಯಿಂಟಿಗೆ ಜೋತುಬಿದ್ದ ಹಾಗೆ. ನುಣುಪಾದ ಅಲ್ಯೂಮಿನಿಯಂ ಮೇಲೆ, ಅದರಲ್ಲೂ ಎಣ್ಣೆ ಸವರಿದ್ದರೆ, ಬರೀ ಬಿಗಿತ ಅಷ್ಟನ್ನು ತಡೆಯುವುದಿಲ್ಲ.

ಎಣ್ಣೆ ಖಂಡಿತ ಇರುತ್ತದೆ. ಎಂಜಿನ್ನಿನ ಬ್ರೀದರ್ (ಒಳಗಿನ ಆವಿ ಹೊರಬಿಡುವ ಕೊಳವೆ) ಉಗುಳುವ ಎಣ್ಣೆಯ ಆವಿ ಟರ್ಬೊ ಮೂಲಕ ಇದೇ ಪೈಪಿಗೆ ಬರುತ್ತದೆ. ನಾನು ಹೋಸ್ ಬಿಚ್ಚಿದಾಗ ಮೊದಲು ಒಳಗೆ ಬೆರಳಾಡಿಸುತ್ತೇನೆ: ಕಪ್ಪು ಜಿಡ್ಡು ಅಂಚಿನವರೆಗೂ ಬಂದಿದ್ದರೆ ಕಾರಣ ಸಿಕ್ಕಿತು ಅಂತಲೇ ಅರ್ಥ. ಪೈಪಿನ ಹೊರಮೈ, ಹೋಸಿನ ಒಳಮೈ ಎರಡನ್ನೂ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಬಟ್ಟೆಗೆ ಕಪ್ಪು ಹತ್ತುವುದು ನಿಲ್ಲುವವರೆಗೂ. ಪೂರ್ತಿ ಒಣಗಿದ ಮೇಲೆಯೇ ಜೋಡಿಸಿ. ಸಲೀಸಾಗಿ ಕೂರಲಿ ಅಂತ ಎಣ್ಣೆ, ಗ್ರೀಸ್ ಹಚ್ಚುವವರಿದ್ದಾರೆ. ಹಚ್ಚಲು ಬಿಡಬೇಡಿ. ಜಿಡ್ಡಿನ ಬದಲು ಎಣ್ಣೆಯೇ ಮಡುಗಟ್ಟಿ ನಿಂತಿದ್ದರೆ ಟರ್ಬೊ ಶಾಫ್ಟ್ ಸಡಿಲವಾಗಿ ಅಲ್ಲಾಡುತ್ತಿದೆಯೇ ಎಂದೂ ಪರೀಕ್ಷಿಸಿ.

ಪೈಪಿನ ತುದಿ ಬೋಳಾಗಿದ್ದರೆ ಟಿಗ್ ವೆಲ್ಡಿಂಗ್ (ಅಲ್ಯೂಮಿನಿಯಂಗೆ ಹೊಂದುವ ವೆಲ್ಡಿಂಗ್) ಮಾಡುವವರ ಹತ್ತಿರ ಒಯ್ದು ಸುತ್ತಲೂ ಒಂದು ಸಣ್ಣ ಏಣು ಎಬ್ಬಿಸಿ. ಇಡೀ ರಿಪೇರಿಯಲ್ಲಿ ನಾನು ಅತಿ ಹೆಚ್ಚು ಬೆಲೆ ಕೊಡುವುದು ಇದಕ್ಕೇ. ಕ್ಲಾಂಪ್ ಕೂರಬೇಕಾದ್ದು ಆ ಏಣಿನ ಹಿಂದೆ, ಅದರ ಮೇಲಲ್ಲ. ಸ್ಕ್ರೂ ಕ್ಲಾಂಪ್ ಬದಲು ಟಿ-ಬೋಲ್ಟ್ ಕ್ಲಾಂಪ್ (ಸೀಳಿಲ್ಲದ ಪಟ್ಟಿಯನ್ನು ಬೋಲ್ಟ್, ನಟ್ಟಿನಿಂದ ಬಿಗಿಯುವಂಥದ್ದು) ಹಾಕಿ. ಸ್ಕ್ರೂ ಕ್ಲಾಂಪಿನ ಪಟ್ಟಿಯ ಸೀಳುಗಳಿಗೆ ಸಿಲಿಕೋನ್ ನುಗ್ಗಿ ಕತ್ತರಿಸಿಹೋಗುತ್ತದೆ. ಕ್ಲಾಂಪ್ ಕೊಳ್ಳುವಾಗ ಹೋಸಿನ ಹೊರ ಅಳತೆ ಹೇಳಿ: 63 ಮಿಮೀ ಪೈಪಿಗೆ 5 ಮಿಮೀ ದಪ್ಪದ ಹೋಸ್ ಅಂದರೆ 73 ಮಿಮೀ. ಇಂಟರ್‌ಕೂಲರ್ ಬಾಯಿ ಪ್ಲಾಸ್ಟಿಕ್ ಆಗಿದ್ದರೆ ವಿಪರೀತ ಬಿಗಿ ಮಾಡಿದಾಗ ಬಿರುಕು ಬಿಡುತ್ತದೆ, ಹುಷಾರು.

ಇಷ್ಟಾದರೂ ಅದೇ ಜಾಯಿಂಟ್ ಕಳಚಿದರೆ ಎಂಜಿನ್ ಮೌಂಟ್ (ಎಂಜಿನ್ನನ್ನು ಗಾಡಿಗೆ ಹಿಡಿದಿಡುವ ರಬ್ಬರಿನ ಆಸರೆ) ನೋಡಿ. ಮೌಂಟ್ ಸವೆದರೆ ಆಕ್ಸಲರೇಟರ್ ಒತ್ತಿದಾಗಲೆಲ್ಲ ಎಂಜಿನ್ ವಾಲಿ ಪೈಪನ್ನು ಎಳೆಯುತ್ತದೆ. ಉದ್ದನೆಯ ಪೈಪಿಗೆ ಬಾಡಿಯಿಂದ ಒಂದು ಬ್ರಾಕೆಟ್ ಕೊಡಿಸಿ, ಎಂಜಿನ್ ಕಡೆಯ ಜಾಯಿಂಟಿಗೆ ನಡುವೆ ಉಬ್ಬಿರುವ ಹೋಸ್ ಹಾಕಿಸಿ. ಅದು ಎಂಜಿನ್ ಜೊತೆ ಬಳುಕುತ್ತದೆ. ಕಂಪನಿಯ ತಂತಿ ಕ್ಲಿಪ್ಪಿನ ಜಾಯಿಂಟ್ ಇನ್ನೂ ಎಲ್ಲಾದರೂ ಉಳಿದಿದ್ದರೆ, ಅಲ್ಲಿ ಸೀಲ್, ಕ್ಲಿಪ್ ಹೊಸದು ಹಾಕಿದರೆ ಸಾಮಾನ್ಯವಾಗಿ ಸಾಕು.

ಹೊಸದಾಗಿ ಜೋಡಿಸಿ ಒಂದೆರಡು ಸಲ ಎಂಜಿನ್ ಬಿಸಿಯಾಗಿ ತಣ್ಣಗಾದ ಮೇಲೆ ಕ್ಲಾಂಪುಗಳನ್ನು ಮತ್ತೊಮ್ಮೆ ನೋಡಿ. ಸಿಲಿಕೋನ್ ಸ್ವಲ್ಪ ಕೂತಿರುತ್ತದೆ.

ದಾರಿಯಲ್ಲಿ ಮತ್ತೆ ಕಳಚಿದರೆ, ಕಪ್ಪು ಹೊಗೆ ಬಂದು ಪಿಕಪ್ ಸತ್ತಿದ್ದರೆ, ಒತ್ತಿ ಓಡಿಸಬೇಡಿ. ತಡೆಯಿಲ್ಲದ ಟರ್ಬೊ ಮಿತಿಮೀರಿ ತಿರುಗುತ್ತದೆ, ತೆರೆದ ಪೈಪಿನಿಂದ ಫಿಲ್ಟರ್ ಆಗದ ದೂಳು ನೇರ ಎಂಜಿನ್ನಿಗೆ ಹೋಗುತ್ತದೆ. ಡಿಕ್ಕಿಯಲ್ಲಿ ಒಂದು ಸ್ಕ್ರೂಡ್ರೈವರ್, ಕ್ಲಾಂಪಿಗೆ ಸರಿಹೊಂದುವ ಸ್ಪ್ಯಾನರ್, ಒಣ ಬಟ್ಟೆ ಇಟ್ಟುಕೊಂಡಿರಿ. ಎಂಜಿನ್ ತಣ್ಣಗಾದ ಮೇಲೆ ಒರೆಸಿ ಕೂರಿಸಿಕೊಂಡು ನಿಧಾನಕ್ಕೆ ಊರು ಸೇರಬಹುದು.